ನಿದ್ದೆ ಹೊತ್ತಿನ ತರಬೇತಿ

ಪ್ರೊಜೆಕ್ಟರಿನ ಸ್ಲೈಡಿನಲ್ಲಿದ್ದ ಏಟು ತಿಂದ ಮಗುವಿಗೆ ನೀಲಿ ಕಣ್ಣುಗಳಿದ್ದವು. ಅದರ ಕೆನ್ನೆಯ ಮೇಲೆ ಕಪ್ಪುಗಟ್ಟಿದ ಗಾಯವನ್ನು ಬೆರಳಿನಿಂದ ತೋರಿಸುತ್ತ, ಇಂಥದ್ದು ಕಣ್ಣಿಗೆ ಬಿದ್ದರೆ ಏನು ಮಾಡಬೇಕು ಎಂದು ಈರೇಶ ಕೇಳಿದಾಗ, ಚಾಪೆಯ ಮೇಲೆ ಕಾಲು ಮಡಚಿ ಕೂತಿದ್ದ ಮೂವರು ಆಯಾಗಳಲ್ಲಿ ಹಿರಿಯಳಾದ ಗಂಗಮ್ಮ ಕತ್ತು ಚಾಚಿ ನೋಡಿ, ಎಷ್ಟು ಬೆಳ್ಳಗೈತೆ ಕೂಸು ಎಂದಳು. ಉಳಿದಿಬ್ಬರು ತಲೆದೂಗಿದರು. ಈರೇಶ ಮುಗುಳ್ನಕ್ಕ. ಅದು ಅವನ ವೃತ್ತಿಯ ನಗೆ. ಅದರ ಹಿಂದೆ ಅವನು ಹಲ್ಲು ಕಡಿಯುತ್ತಿದ್ದುದು ಯಾರಿಗೂ ಕಾಣುವಂತಿರಲಿಲ್ಲ. ಮಕ್ಕಳ ಮೇಲಿನ ದೌರ್ಜನ್ಯವನ್ನು ಗುರುತಿಸುವುದು ಮತ್ತು ವರದಿ ಮಾಡುವುದು ಹೇಗೆಂದು ಶಿಶುಪಾಲನಾ ಸಿಬ್ಬಂದಿಗೆ ತರಬೇತಿ ಎಂದು ಅವನ ಸಂಸ್ಥೆ ಇದಕ್ಕೆ ಉದ್ದದ ಹೆಸರಿಟ್ಟಿತ್ತು. ತರಬೇತಿಯಲ್ಲ, ತರಭೇದಿ ಎಂದು ಅವನು ಒಳಗೇ ತಿದ್ದಿಕೊಂಡ. ನುಂಗಿದ್ದು ಒಂದಿಷ್ಟೂ ಮೈಗೆ ಹತ್ತದೆ ನುಂಗಿದ ಹಾಗೇ ಹೊರಬೀಳುವಂಥದ್ದು. ವೈಟ್‌ಫೀಲ್ಡಿನಲ್ಲಿ ಹೀಗೇ ಹೊರಬಿದ್ದಿತ್ತು, ಪೀಣ್ಯದ ಗಾರ್ಮೆಂಟಿನವರ ಶಿಶುವಿಹಾರದಲ್ಲೂ ಹೀಗೇ ಬಿದ್ದಿತ್ತು, ಈಗ ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗಿರುವ ಈ ಹಳ್ಳಿಯ ನಾಲ್ಕಂತಸ್ತಿನ ಕಟ್ಟಡದಲ್ಲಿ ಪಿಸುದನಿಯಲ್ಲಿ ಬೀಳುತ್ತಿತ್ತು. ಪಿಸುದನಿ ಏಕೆಂದರೆ ಮಕ್ಕಳು ಮಲಗಿದ್ದವು. ಆಯಾಗಳಿಗೆ ಕೈ ಬಿಡುವಾಗುವುದು ಮಕ್ಕಳ ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಮಕ್ಕಳ ರಕ್ಷಣೆಯ ಬಗ್ಗೆ ಏನನ್ನೇ ಹೇಳುವುದಿದ್ದರೂ ಮಕ್ಕಳಿಗೆ ಎಚ್ಚರವಾಗದಂತೆ ಹೇಳಬೇಕೆಂಬುದು ಡೇಕೇರಿನ ಒಡತಿ ವನಜಾಳ ಕಟ್ಟಳೆ. ಹಾಲ್‌ನ ನಡುವೆ ಆಟಿಕೆಗಳ ಮೋಟು ಕಪಾಟು ಅಡ್ಡವಿಟ್ಟು ಪರದೆ ಎಳೆದಿದ್ದರು. ಆಚೆಯಿಂದ ಸಣ್ಣಸಣ್ಣ ಉಸಿರುಗಳು, ಒಂದು ಕಟ್ಟಿದ ಮೂಗಿನ ಸದ್ದು ಕೇಳುತ್ತಿದ್ದವು.

ಇವರನ್ನು ಆಯಾ ಎನ್ನಬಾರದು, ಕೇರ್‌ಗಿವರ್ ಎನ್ನಬೇಕು ಎಂದು ಸಂಸ್ಥೆಯ ಸುತ್ತೋಲೆ ಬಂದಿತ್ತು. ಕೇರ್ ಕೊಡುವವರಂತೆ. ಮಕ್ಕಳನ್ನು ಮೊರಕ್ಕೆ ಹಾಕಿ ಕೇರಿ, ಕಾಳನ್ನು ಆಫೀಸಿನಿಂದ ಬರುವ ಅಪ್ಪ ಅಮ್ಮಂದಿರಿಗೆ ಕೊಟ್ಟು, ಹೊಟ್ಟನ್ನು ತಾವು ಗುಡಿಸುವವರು. ಆಯಾ ಕಾಲಕ್ಕೆ ಆಯಾ ಮಗುವಿಗೆ ಆಯಾ ಆಯಾ. ಈರೇಶನಿಗೆ ತನ್ನ ಮಾತಿಗೆ ತಾನೇ ನಗು ಬಂತು, ಹಂಚಿಕೊಳ್ಳಲು ಒಬ್ಬರೂ ಇಲ್ಲವೆಂದು ಸಿಟ್ಟೂ ಬಂತು. ಬೆಳಿಗ್ಗೆ ನಾಗಸಂದ್ರದಿಂದ ಮೆಟ್ರೋ, ಬಸ್ಸು, ಆಟೋ ಎಂದು ಊರನ್ನು ಅಡ್ಡಡ್ಡ ಸೀಳಿಕೊಂಡು ಇಲ್ಲಿಗೆ ಬಂದಾಗ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಿಳಿ ಪಂಚೆಯ ಮುದುಕ ಕೂತಿದ್ದ. ವನಜಾಳ ಮಾವ ವೆಂಕಟೇಶಪ್ಪ. ಈ ಕಟ್ಟಡ ನಿಂತ ನೆಲದಲ್ಲಿ ರಾಗಿ ಬೆಳೆದವನು, ಈಗ ಬಾಡಿಗೆ ಬೆಳೆಯುವವನು. ಈರೇಶನ ಇಸ್ತ್ರಿ ಮಾಡಿದ ಷರ್ಟನ್ನೂ ಪ್ರೊಜೆಕ್ಟರಿನ ಚೀಲವನ್ನೂ ಒಮ್ಮೆ ಅಳೆದು ನೋಡಿ, "ನೀರಿನ ಫಿಲ್ಟ್ರು ರಿಪೇರಿಯೋನಾ? ಹಿಂದ್ಲಿಂದ ಓಗಪ್ಪ, ಮುಂದೆ ನೆಲ ಒರ್ಸವ್ರೆ" ಎಂದಿದ್ದ. ತಾನು ಸಮಾಜಕಾರ್ಯದಲ್ಲಿ ಎಂ.ಎ. ಎಂದು ಹೇಳಲು ಬಾಯಿ ತೆರೆದ ಈರೇಶ, ಅದು ಫಿಲ್ಟರ್ ರಿಪೇರಿಗಿಂತ ಕಡಿಮೆಯ ಮಾತಾಗಿ ಕೇಳಿಸೀತೆಂದು ಹೆದರಿ, ಹಿಂದಿನ ಮೆಟ್ಟಿಲಿನಿಂದಲೇ ಹತ್ತಿ ಬಂದಿದ್ದ. ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಮುದುಕನ ದನಿಯಲ್ಲಿ 'ಹಿಂದ್ಲಿಂದ ಓಗಪ್ಪ' ಎನ್ನುತ್ತ, ಮೂರನೆಯ ಸಲಕ್ಕೆ ಆ ಗಂಟಲಿನ ಗೊಗ್ಗರು ಸರಿಯಾಗಿ ಸಿಕ್ಕಿದಾಗ ಅವಮಾನ ಅರ್ಧ ಇಳಿದಿತ್ತು.

ಅದು ಅವನ ಹಳೆಯ ಔಷಧ. ಯಾರು ಅವನನ್ನು ಚಿವುಟಿದರೂ ಅವರ ದನಿಯನ್ನು ಕದ್ದುಕೊಳ್ಳುತ್ತಿದ್ದ. ದಾವಣಗೆರೆಯ ಕಾಲೇಜಿನಲ್ಲಿ ಪ್ರಿನ್ಸಿಪಾಲರನ್ನು ಕದ್ದು ಯುವಜನೋತ್ಸವದಲ್ಲಿ ಕಪ್ ಗೆದ್ದಿದ್ದ, ಆಮೇಲೆ ಬಂದ ಬಾಸುಗಳೆಲ್ಲ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ವನಜಾಳನ್ನು ಕಂಡ ಕೂಡಲೇ ಅವನ ಗಂಟಲು ನವೆಯತೊಡಗಿತ್ತು. ಎಂಥ ದನಿ ಅದು. ಜಾಮೂನಿನ ದನಿ, ಮೇಲೆ ಪಾಕ, ಒಳಗೆ ಬೇಯದ ಹಿಟ್ಟು. ನಮ್ಮಲ್ಲಿ ಮಕ್ಕಳ ಮೇಲೆ ಕೈ ಮಾಡೋ ಮಾತೇ ಇಲ್ಲ ಸಾರ್ ಎಂದು ಅವಳು ಹಾಲ್‌ನ ಮೂಲೆಮೂಲೆಯ ಕ್ಯಾಮೆರಾಗಳನ್ನು ತೋರಿಸಿದ್ದಳು. ಕಂಪನಿಗಳಲ್ಲಿ ಕೂತ ತಾಯಂದಿರು ತಮ್ಮ ಫೋನಿನಲ್ಲೇ ಮಗುವನ್ನು ನೋಡಬಹುದು, ಯಾವ ಹೊತ್ತಿಗೆ ಬೇಕಾದರೂ. ದನಿ ಕೇಳುವುದಿಲ್ಲ, ಚಿತ್ರ ಮಾತ್ರ. ಹತ್ತಾರು ಮಕ್ಕಳ ಗಲಾಟೆ ಕೇಳಿದರೆ ಮೀಟಿಂಗಿನಲ್ಲಿ ತೊಂದರೆಯಲ್ಲವೇ. ಹೇಳುತ್ತಿದ್ದಂತೆ ಹಿಂದೆ ಯಾವುದೋ ಮಗು ಹಾಲು ಚೆಲ್ಲಿತ್ತು. ಅವಳು ಮುಖದ ನಗೆ ಕದಲಿಸದೆ, ಕತ್ತು ಮಾತ್ರ ತಿರುಗಿಸಿ, "ಬಂಗಾರಾ... ಆಂಟಿಗೆ ಬೇಜಾರಾಯ್ತು ನೋಡು" ಎಂದಿದ್ದಳು. ಆ 'ರಾ' ಮೇಲೇರಿ, ತುದಿಯಲ್ಲಿ ಒಂದು ಕ್ಷಣ ತೂಗಿ, 'ಬೇಜಾರಿ'ನ ಮೇಲೆ ಮೆತ್ತಗೆ ಕೂತ ಬಗೆಯನ್ನು ಈರೇಶ ಬಾಯಿ ಚಪ್ಪರಿಸಿ ಸವಿದಿದ್ದ. ಯಾವ ಮಗುವಿಗೆ ಹೇಳಿದಳು, ಕೇಳಿಸಿಕೊಂಡ ಮಗು ಏನು ಮಾಡಿತು ಎಂಬುದನ್ನು ಅವನು ನೋಡಲಿಲ್ಲ. ರಾಗ ಹಿಡಿಯುವಾಗ ಅವನಿಗೆ ಕಣ್ಣು ಕಾಣಿಸುವುದಿಲ್ಲ.

ಊಟವಾದ ಮೇಲೆ ವನಜಾ ಆನೇಕಲ್ಲಿನಲ್ಲಿ ಯಾವುದೋ ಸೈಟಿನ ರಿಜಿಸ್ಟ್ರೇಷನ್ ಇದೆಯೆಂದು ಕಾರು ಹತ್ತಿದಳು. ಅವಳು ಹೋದದ್ದೇ ಆಯಾಗಳು ಬೆನ್ನನ್ನು ಗೋಡೆಗೆ ಆನಿಸಿದರು. ಒಬ್ಬಳು ಕಾಲು ನೀಡಿದಳು. ಹೆದರಿಕೆ, ಮೈ ಮೇಲಿನ ಕಲೆ, ಬರೆ, ಬಾಸುಂಡೆ ಎಂದು ಈರೇಶ ಸ್ಲೈಡುಗಳನ್ನು ಸರಿಸುತ್ತ ಹೋದ. ಅವರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಬಲ್ಲವರು. ಗೊತ್ತಾದವರು ಸುಮ್ಮನಿರುವುದೂ ತಪ್ಪೇ, ಮಕ್ಕಳ ಸಹಾಯವಾಣಿ ಒಂದು ಸೊನ್ನೆ ಒಂಬತ್ತು ಎಂಟಕ್ಕೆ ಫೋನು ಮಾಡಿ ಎಂದು ಅದೇ ನೀಲಿ ಕಣ್ಣಿನ ಮಗುವಿನ ಚಿತ್ರದೊಂದಿಗೆ ಮುಗಿಯುವ ಕೊನೆಯ ಸ್ಲೈಡಿಗೆ ಬಂದರೂ ಯಾರ ಮುಖದಲ್ಲೂ ಒಂದು ಗೆರೆ ಮೂಡಲಿಲ್ಲ. ಇವರಿಗಾಗಿ ತಾನು ಅರ್ಧ ಊರು ದಾಟಿ ಬಂದೆನೇ, ಈ ಮೂರು ಮೂಟೆಗಳಿಗಾಗಿ. ತಿರಸ್ಕಾರ ಗಂಟಲಿನವರೆಗೆ ಬಂತು, ಬಂದದ್ದು ಅಭ್ಯಾಸದಂತೆ ದನಿಯಾಗಿ ಹೊರಟಿತು. ಮೊದಲು ವೆಂಕಟೇಶಪ್ಪನಾಗಿ, ಗಂಗಮ್ಮನನ್ನು ಹಿಂದ್ಲಿಂದ ಓಗಮ್ಮ ಎಂದ. ಗಂಗಮ್ಮ ಬೆಚ್ಚಿ ಸೆರಗು ಸರಿಮಾಡಿಕೊಂಡು, ಆಮೇಲೆ ತಿಳಿದು, ಬಾಯಿಗೆ ಸೆರಗು ತುರುಕಿಕೊಂಡು ಕುಲುಕುಲು ನಕ್ಕಳು. ಉಳಿದಿಬ್ಬರು ಎದ್ದು ಕೂತರು. ಅಬ್ಬಾ, ಜೀವ ಬಂತು ಹೆಣಗಳಿಗೆ. ಇನ್ನೊಂದು ಸಾರ್, ಮೇಡಮ್ಮೋರ್ದು ಮಾಡಿ ಎಂದು ಕಿರಿಯವಳು ಪಿಸುಗುಟ್ಟಿದಳು. ಈರೇಶ ಕತ್ತನ್ನು ಒಂದಿಷ್ಟು ವಾರೆ ಮಾಡಿದ, ಇಲ್ಲದ ದುಪಟ್ಟಾವನ್ನು ಭುಜಕ್ಕೆಸೆದ, ತುಟಿಗೆ ಪಾಕ ಸವರಿಕೊಂಡ. "ಬಂಗಾರಾ..." ಎಂದ, ತೂಗಿದ, "ಆಂಟಿಗೆ ಬೇಜಾರಾಯ್ತು ನೋಡು." ಬೆಳಿಗ್ಗೆಯಿಂದ ಬಾಯಲ್ಲಿ ಊರಿಸಿಟ್ಟಿದ್ದಕ್ಕೋ ಏನೋ, ಅದು ವನಜಾಳಿಗಿಂತ ವನಜಾಳಂತೆ ಬಂತು. ಅವನಿಗೇ ಮೈ ಜುಮ್ಮೆಂದಿತು.

ಮೂವರಲ್ಲಿ ಒಬ್ಬರೂ ನಗಲಿಲ್ಲ.

ಪರದೆ ಅಲುಗಿತು. ಒಂದು ಹುಡುಗಿ, ನಾಲ್ಕು ವರ್ಷದ್ದಿರಬೇಕು, ಹೊರಗೆ ಬಂತು. ಒಂದು ಕಾಲಿಗೆ ಮಾತ್ರ ಕಾಲುಚೀಲ. ಕೆನ್ನೆಯ ಮೇಲೆ ಚಾಪೆಯ ಎಳೆಗಳು ಅಚ್ಚೊತ್ತಿದ್ದವು. ಅದು ಯಾರನ್ನೂ ನೋಡಲಿಲ್ಲ. ಕಣ್ಣು ಪೂರ್ತಿ ತೆರೆದಿತ್ತೋ ಇಲ್ಲವೋ. ಇಡೀ ಹಾಲ್ ದಾಟಿ, ಪ್ರೊಜೆಕ್ಟರಿನ ಬೆಳಕನ್ನೂ ದಾಟಿ (ನೀಲಿ ಕಣ್ಣಿನ ಮಗುವಿನ ಮುಖ ಒಂದು ಗಳಿಗೆ ಇದರ ಬೆನ್ನ ಮೇಲೆ ಹರಿದು ಹೋಯಿತು), ಬಚ್ಚಲುಮನೆಯ ಪಕ್ಕದ ಇನ್ನೊಂದು ಬಾಗಿಲಿನೆದುರು ತುದಿಗಾಲಲ್ಲಿ ನಿಂತು ಚಿಲಕ ಸರಿಸಿ, ಒಳಗೆ ಹೋಗಿ ಬಾಗಿಲನ್ನು ತಾನೇ ಎಳೆದುಕೊಂಡಿತು. ಯಾರೂ ಕೈ ಹಿಡಿದು ಎಳೆಯಲಿಲ್ಲ, ಬೆನ್ನು ಹಿಡಿದು ತಳ್ಳಲಿಲ್ಲ. ಬಚ್ಚಲಿಗೆ ಹೋಗಬೇಕಾದದ್ದು ನಿದ್ದೆಗಣ್ಣಿನಲ್ಲಿ ತಪ್ಪಿ ಹೋಯಿತೇನೋ ಎಂದು ಈರೇಶ ಮೊದಲು ಅಂದುಕೊಂಡ. ಅದೇನು ರೂಮು ಎಂದು ಕೇಳಿದ. ಸ್ಟೋರು ಎಂದಳು ಗಂಗಮ್ಮ, ನೆಲ ನೋಡುತ್ತ.

"ಅಲ್ಲಿಗ್ಯಾಕೆ ಹೋಯ್ತು?"

"ನೀವೇ ಅಲ್ವಾ ಸಾರ್ ಕಳ್ಸಿದ್ದು."

ಹೋಗಿ ಬಾಗಿಲು ತೆರೆದ. ಫಿನಾಯಿಲು ಮತ್ತು ಒಣಗದ ಚಾಪೆಗಳ ವಾಸನೆ. ಒಳಗೆ ಬಲ್ಬಿರಲಿಲ್ಲ, ಕ್ಯಾಮೆರಾ ಇರಲಿಲ್ಲ. ಸುತ್ತಿಟ್ಟ ಚಾಪೆಗಳ ನಡುವೆ ಮಗು ಗೋಡೆಗೆ ಮುಖ ಮಾಡಿ ನಿಂತಿತ್ತು, ತನ್ನ ಬಾಯನ್ನು ತನ್ನೆರಡು ಕೈಗಳಿಂದಲೇ ಮುಚ್ಚಿಕೊಂಡು. ಈರೇಶ ಮಂಡಿಯೂರಿ ಕೂತು, ತರಬೇತಿಯಲ್ಲಿ ಹೇಳಿಕೊಡುವ ಹಾಗೆ ಮಗುವಿನ ಎತ್ತರಕ್ಕೆ ಇಳಿದು, ಹೆಸರೇನು ಪುಟ್ಟಾ, ಹೊರಗೆ ಬಾ, ಏನೂ ಆಗಿಲ್ಲ ಎಂದ. ಹೆಸರನ್ನು ಹಿಂದಿನಿಂದ ಗಂಗಮ್ಮ ಹೇಳಿದಳು: ರಕ್ಷಿತಾ. ರಕ್ಷಿತಾ, ಅರಕ್ಷಿತಾ, ರಕ್ಕಸಿತಾ ಎಂದು ಅವನ ತಲೆ ಕೇಳದೆಯೇ ಕೂಡಿಸತೊಡಗಿತು. ಅಂಥ ಹೊತ್ತಿನಲ್ಲೂ ಅಕ್ಷರಗಳನ್ನು ಕಡಲೆಯಂತೆ ಕುರುಕುವ ಈ ಹಲ್ಲುಗಳ ಬಗ್ಗೆ ಅವನಿಗೆ ಹೇಸಿಗೆಯಾಯಿತು. ಮಗು ಅಲುಗಲಿಲ್ಲ. ಮುಟ್ಟಲು ಕೈ ಚಾಚಿ, ಮುಟ್ಟಬಾರದೆಂದು ತಾನೇ ಹೇಳಿದ್ದು ನೆನಪಾಗಿ, ಕೈಯನ್ನು ಗಾಳಿಯಲ್ಲೇ ಬಿಟ್ಟ. "ಮೇಡಂ ಕರಿಯೋಗಂಟ ಬರಾಕಿಲ್ಲ ಸಾರ್ ಅದು," ಎಂದಳು ಗಂಗಮ್ಮ. "ಸಾಕು ಬಂಗಾರಾ ಬಾ ಅನ್ಬೇಕು. ಅವ್ರಂಗೇ ಇನ್ನೊಂದ್ಸಲ ಅಂದ್ಬಿಡಿ." ಅವಳ ದನಿಯಲ್ಲಿ ನಾಚಿಕೆಯಾಗಲಿ ಕೋಪವಾಗಲಿ ಇರಲಿಲ್ಲ, ಕುಕ್ಕರಿನ ಮುಚ್ಚಳ ಹೀಗೆ ತಿರುಗಿಸಿದರೆ ಬರುತ್ತದೆ ಎಂದು ಹೇಳಿಕೊಡುವ ದನಿ. ಈರೇಶ ಮತ್ತೆ ತುಟಿಗೆ ಪಾಕ ಸವರಿಕೊಂಡ. ಈ ಸಲ ಬರಲಾರದು ಎಂದುಕೊಂಡಿದ್ದ, ಬಂತು. ಸಾಕು ಬಂಗಾರಾ, ಬಾ. ಮಗು ಕೈ ಇಳಿಸಿ, ತಿರುಗಿ, ಅವನ ಮೊಣಕಾಲಿಗೆ ಎಂಬಂತೆ, "ಸಾರಿ ಆಂಟಿ" ಎಂದಿತು. ಪಕ್ಕದಿಂದ ನುಸುಳಿ ಪರದೆಯ ಹಿಂದೆ ಹೋಗಿ ಮಲಗಿತು.

ಈರೇಶ ಚಿಕ್ಕವನಿದ್ದಾಗ ಅಪ್ಪ ಪೇಟೆಯಿಂದ ಬಂದರೆ ಬಾಗಿಲ ಹೊರಗೆ ಒಂದು ಕೆಮ್ಮು ಕೆಮ್ಮುತ್ತಿದ್ದರು, ಗಂಟಲು ಸರಿಮಾಡಿಕೊಳ್ಳುವಂತೆ ಎರಡು ಮೆಟ್ಟಿಲಿನ ಕೆಮ್ಮು. ಅವ್ವ ಊಟಕ್ಕೆ ಕೂತಿದ್ದಾಗ ಈರೇಶ ಪಡಸಾಲೆಯಿಂದ ಆ ಕೆಮ್ಮು ತೆಗೆದರೆ ಅವ್ವ ರೊಟ್ಟಿಯ ತುಣುಕನ್ನು ತಟ್ಟೆಗೆ ಬಿಟ್ಟು ತಲೆ ಮೇಲೆ ಸೆರಗೆಳೆದು ಎದ್ದು ನಿಲ್ಲುತ್ತಿದ್ದಳು. ಮನೆಯೆಲ್ಲ ನಗು. ಅವ್ವನೂ ನಗುತ್ತಿದ್ದಳು, ಆದರೆ ಮೊದಲು ನಿಂತು, ಆಮೇಲೆ. ನಿಲ್ಲುವುದಕ್ಕೂ ನಗುವುದಕ್ಕೂ ನಡುವೆ ಅವಳ ಮುಖದಲ್ಲಿ ಏನಿತ್ತು ಎಂದು ಈಗ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಈರೇಶ ಪ್ರೊಜೆಕ್ಟರ್ ಆರಿಸಿದ. ಎಷ್ಟು ದಿನದಿಂದ ಹೀಗೆ, ಒಳಗೆ ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಇದೊಂದೇ ಮಗುವೋ ಎಲ್ಲವೂ ಹೀಗೇನೋ ಎಂದು ಕೇಳಿದ. ಕಿರಿಯವಳು ತನಗೆ ಬೆಳಿಗ್ಗೆಯಿಂದ ತಲೆನೋವು ಎಂದಳು, ಇನ್ನೊಬ್ಬಳು ಎದ್ದು ಹಾಲಿನ ಬಾಟಲಿ ತೊಳೆಯಲು ಹೋದಳು. ಗಂಗಮ್ಮ ಮಾತ್ರ, ಮನೆತನದ ಮರ್ಯಾದೆ ಕಾಯುವವಳಂತೆ, "ಒಡೆಯಾಕಿಲ್ಲ ಸಾರ್, ಮೇಡಂ ಒಂದೇಟೂ ಒಡೆಯಾಕಿಲ್ಲ. ನಿಮ್ ಪಟದಾಗೆ ಕೆನ್ನೆ ಕಪ್ಗಾಗಿತ್ತಲ್ಲ, ಅಂಗೆಲ್ಲ ಇಲ್ಲಿಲ್ಲ" ಎಂದಳು. ಸರಿಯಾಗಿಯೇ ಕಲಿತಿದ್ದಳು. ಅವನ ಇಡೀ ಮಧ್ಯಾಹ್ನದ ಪಾಠದಲ್ಲಿ ಒಂದು ಸ್ಲೈಡೂ ಈ ಬಾಗಿಲನ್ನು ತೋರಿಸಿರಲಿಲ್ಲ.

ವನಜಾ ಅಂದುಕೊಂಡದ್ದಕ್ಕಿಂತ ಬೇಗ ಬಂದಳು. ಮೆಟ್ಟಿಲು ಹತ್ತುತ್ತಲೇ ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತಿದ್ದಳು. ಫೋನನ್ನು ಎದೆಗೆ ಒತ್ತಿಕೊಂಡು, ರಕ್ಷಿತಾಳ ತಾಯಿ ನಿವೇದಿತಾ ಎಂದು ತುಟಿಯಲ್ಲೇ ತಿಳಿಸಿದಳು. ಆ ತಾಯಿ ಆಫೀಸಿನಲ್ಲಿ ಕಾಫಿ ಕುಡಿಯುತ್ತ ಫೋನು ತೆರೆದರೆ, ಯಾರೋ ಗೊತ್ತಿಲ್ಲದ ಗಂಡಸು ಏನೋ ಹೇಳುತ್ತಾನೆ, ಮಗಳು ಎದ್ದು ಒಂದು ಕೋಣೆಗೆ ಹೋಗುತ್ತಾಳೆ, ಹಿಂದೆಯೇ ಹೋಗಿ ಆ ಗಂಡಸು ಬಾಗಿಲಲ್ಲಿ ಮಂಡಿಯೂರಿ ಕೂರುತ್ತಾನೆ. "ದಾರೀಲಿ ನಾನೂ ನೋಡಿದೆ ಸಾರ್," ಎಂದಳು ವನಜಾ, ಮುಖದ ನಗೆ ಕದಲಿಸದೆ. "ನಮ್ಮ ಕ್ಯಾಮೆರಾಗೆ ಕಣ್ಣು ಮಾತ್ರ, ಕಿವಿ ಇಲ್ಲ. ಅದ್ರಲ್ಲಿ ಕಾಣೋದು ನೀವು ಕಳಿಸಿದ್ದೇ. ಏನಂತ ಹೇಳ್ತೀರೋ ನೀವೇ ಹೇಳಿ." ಫೋನನ್ನು ಸ್ಪೀಕರಿಗೆ ಹಾಕಿ ಚಾಚಿದಳು. ಪಾಕದ ಕೆಳಗಿನ ಹಿಟ್ಟು ಈಗ ಚೆನ್ನಾಗಿಯೇ ಬೆಂದಿತ್ತು. ಬೇಯದೆ ಉಳಿದವನು ತಾನೇ ಎಂದು ಈರೇಶನಿಗೆ ಅನ್ನಿಸಿತು. ನಿಮ್ಮ ಮಗಳು ಕತ್ತಲಲ್ಲಿ ನಿಲ್ಲುತ್ತಾಳೆ, ಈ ಹೆಂಗಸಿನ ದನಿ ಕೇಳಿದರೆ ನಿದ್ದೆಯಲ್ಲೂ ಎದ್ದು ಹೋಗಿ ನಿಲ್ಲುತ್ತಾಳೆ ಎಂಬ ವಾಕ್ಯ ಪೂರ್ತಿ ಸಿದ್ಧವಾಗಿ ನಾಲಿಗೆಯ ಮೇಲಿತ್ತು. ಅದನ್ನು ಹೇಳಿದರೆ ಮುಂದಿನ ಪ್ರಶ್ನೆ, ಆ ದನಿ ಇವತ್ತು ಯಾರ ಬಾಯಿಂದ ಬಂತು ಎಂಬುದು. ಮಕ್ಕಳ ರಕ್ಷಣೆಯ ತರಬೇತುದಾರನೊಬ್ಬ ಆಯಾಗಳನ್ನು ನಗಿಸಲು ಹೋಗಿ ಮಗುವೊಂದನ್ನು ಕತ್ತಲೆ ಕೋಣೆಗೆ ಕಳಿಸಿದ ಎಂದು ತಾಯಂದಿರ ವಾಟ್ಸ್ಯಾಪ್ ಗುಂಪಿನಲ್ಲಿ ಅವನ ಫೋಟೊ ಸಂಜೆಯೊಳಗೆ ಸುತ್ತು ಹೊಡೆಯುತ್ತದೆ.

"ಡೆಮೊ ಮೇಡಂ," ಎಂದ ಈರೇಶ. "ರೋಲ್ ಪ್ಲೇ. ಮಕ್ಕಳನ್ನ ಹೇಗೆ ಕರೀಬೇಕು, ಹೇಗೆ ಸಮಾಧಾನ ಮಾಡ್ಬೇಕು ಅಂತ ತೋರಿಸ್ತಾ ಇದ್ವಿ."

ಅತ್ತಲಿಂದ ಉದ್ದದ ಉಸಿರು ಬಂತು. ಅವನ ಮಾತಿನ ಧಾಟಿಯಿಂದ ನಮ್ಮ ಕಡೆಯವರೇ ಇರಬೇಕು ಎಂದು ಅವಳಿಗೆ ಸಮಾಧಾನವಾದಂತಿತ್ತು. ತವರು ದಾವಣಗೆರೆ ಎಂದಳು, ತಪ್ಪು ತಿಳಿಯಬೇಡಿ ಸರ್, ದೂರ ಕೂತಿರ್ತೀವಿ, ಜೀವ ಹೊಡ್ಕೋತದ ಎಂದಳು. ಆಮೇಲೆ, "ಈಚೆಗೆ ರಾತ್ರಿ ಲೈಟ್ ಆರಿಸೋಕೆ ಬಿಡಲ್ಲ ಸರ್ ಅವಳು. ಅತ್ತರೂ ಸದ್ದೇ ಬರಲ್ಲ, ಬಾಯಿ ಮುಚ್ಕೊಂಡು ಅಳ್ತಾಳೆ. ಅದೇನಾದ್ರೂ ನೋಡಬೇಕಾ?" ಎಂದು ಕೇಳಿದಳು. ವನಜಾ ಪ್ರೀತಿಯಿಂದ ಈರೇಶನನ್ನೇ ನೋಡುತ್ತಿದ್ದಳು. ಆ ವಯಸ್ಸಿಗೆ ಅದು ಸಹಜ ಮೇಡಂ, ಬೆಳೀತಾ ಬೆಳೀತಾ ಸರಿಹೋಗುತ್ತೆ ಎಂದು ತನ್ನ ಬಾಯಿಂದಲೇ ಒಬ್ಬ ತಜ್ಞ ಹೇಳಿದ್ದು ಅವನಿಗೆ ಕೇಳಿಸಿತು. ಒಳ್ಳೆಯ ತೂಕದ ದನಿ. ಯಾರದೆಂದು ನೆನಪಾಗಲಿಲ್ಲ. ನಿವೇದಿತಾ ಥ್ಯಾಂಕ್ಸ್ ಹೇಳಿ ಮೀಟಿಂಗಿಗೆ ಹೋದಳು. ಆಮೇಲೆ ಗುಂಪಿನ ಫೋಟೊ ಆಯಿತು; ಆಯಾಗಳು ಸರ್ಟಿಫಿಕೇಟುಗಳನ್ನು ಮಗುವಿನಂತೆ ಎದೆಗೊತ್ತಿ ನಿಂತರು, ಎದ್ದ ಮಕ್ಕಳನ್ನು ಮುಂದೆ ಕೂರಿಸಿದರು. ರಕ್ಷಿತಾ ಕ್ಯಾಮೆರಾವನ್ನಲ್ಲ, ವನಜಾಳ ತುಟಿಯನ್ನು ನೋಡುತ್ತಿತ್ತು. ಮುಂದಿನ ವರ್ಷವೂ ನೀವೇ ಬರಬೇಕು ಸಾರ್, ನಮ್ಮೋರ್ಗೆಲ್ಲ ತುಂಬಾ ಇಷ್ಟ ಆಯ್ತು ಎಂದಳು ವನಜಾ. ಈ ಸಲ ಅವನನ್ನು ಮುಂದಿನ ಮೆಟ್ಟಿಲಿನಿಂದಲೇ ಇಳಿಸಿದರು.

ಬಸ್ ನಿಲ್ದಾಣದಲ್ಲಿ ಕಂಪನಿಗಳ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡವರು ತುಂಬಿದ್ದರು. ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ಏನನ್ನೋ ನೋಡುತ್ತಿದ್ದರು. ಎಷ್ಟು ಜನ ಮಕ್ಕಳನ್ನು ನೋಡುತ್ತಿದ್ದಾರೋ, ಸದ್ದಿಲ್ಲದ ಮಕ್ಕಳನ್ನು. ಮೂರ್ಖರು. ಆ ತಾಯಿ ಮೂರ್ಖಳು, ಬಾಯಿ ಮುಚ್ಚಿಕೊಂಡು ಅಳುವ ಮಗುವನ್ನು ಕಂಡೂ ಒಬ್ಬ ಅಪರಿಚಿತನ ಧಾಟಿಗೆ ಸೋತವಳು. ಗಂಗಮ್ಮ ಕತ್ತೆ. ವೆಂಕಟೇಶಪ್ಪ ಹೋರಿ. ಈರೇಶ ಒಬ್ಬೊಬ್ಬರನ್ನೂ ಸಾಲಾಗಿ ನಿಲ್ಲಿಸಿ ಬೈಯುತ್ತ ಹೋದ, ಸಾಲು ಮುಗಿದ ಮೇಲೂ ಬೈಯಲು ಒಬ್ಬ ಉಳಿದೇ ಇದ್ದ. ಬಸ್ಸು ಬಂತು, ಬಿಟ್ಟ. ಇನ್ನೊಂದು ಬಂತು, ಅದನ್ನೂ ಬಿಟ್ಟ. ನಾಳೆ ಮಧ್ಯಾಹ್ನ ಮತ್ತೆ ಹಾಲು ಚೆಲ್ಲುತ್ತದೆ. ನಿಲ್ದಾಣದ ಹಿಂದೆ, ಮುಚ್ಚಿದ ಝೆರಾಕ್ಸ್ ಅಂಗಡಿಯ ಜಗಲಿಯ ಮರೆಗೆ ಹೋಗಿ, ತಾನೇ ನೂರಾರು ಜನರಿಗೆ ಹೇಳಿಕೊಟ್ಟ ಆ ಸಂಖ್ಯೆಯನ್ನು ಜೀವನದಲ್ಲಿ ಮೊದಲ ಸಲ ಒತ್ತಿದ. ಹೆಣ್ಣು ದನಿ, ಇನ್ನೂ ಎಳೆಯದು, ಮಕ್ಕಳ ಸಹಾಯವಾಣಿ ಎಂದಿತು, ಯಾರು ಮಾತಾಡ್ತಿರೋದು ಎಂದು ಕೇಳಿತು.

ಈರೇಶ ತನ್ನ ಹೆಸರು ಹೇಳಲೆಂದೇ ಬಾಯಿ ತೆರೆದದ್ದು.

"ನಾನು ಗಂಗಮ್ಮ ಅಂತ ಕಣಮ್ಮ," ಎಂದ. "ಮಕ್ಳು ನೋಡ್ಕೊಳ್ಳೋ ಕೆಲ್ಸ ನಂದು."

ಬಂದುಬಿಟ್ಟಿತು. ಎಲೆಯಡಿಕೆ ಸಿಕ್ಕಿದ ಗಂಟಲು, ಮಾತು ಮುಗಿಯುವಲ್ಲಿ ಇಳಿಯುವ ಉಸಿರು, ಎಲ್ಲವೂ. ಡೇಕೇರಿನ ಹೆಸರು, ರಸ್ತೆ, ಸ್ಟೋರಿನ ಬಾಗಿಲು, ದೀಪವಿಲ್ಲದ್ದು, ಮಗು ಬಾಯಿ ಮುಚ್ಚಿಕೊಂಡು ನಿಲ್ಲುವುದು, ಕರೆದರಷ್ಟೇ ಹೊರಗೆ ಬರುವುದು, ಒಂದನ್ನೂ ಬಿಡದೆ ಗಂಗಮ್ಮನಾಗಿ ಹೇಳಿದ. ಹಿಂದೆಂದೂ ಯಾವ ವೇದಿಕೆಯ ಮೇಲೂ ಅವನು ಇಷ್ಟು ಚೆನ್ನಾಗಿ ಮಾಡಿರಲಿಲ್ಲ. ಇದು ನಿಮ್ಮದೇ ನಂಬರಾ ಅಮ್ಮಾ ಎಂದು ಆ ಹುಡುಗಿ ಕೇಳಿದಾಗ, ಬಸ್ ಸ್ಟಾಪ್‌ನಾಗೆ ಯಾರ್ದೋ ಇಸ್ಕೊಂಡೆ ಎಂದು ತಡವರಿಸದೆ ಹೇಳಿ, ಆ ತಡವರಿಸದಿದ್ದುದಕ್ಕೆ ಒಳಗೇ ಹಿಗ್ಗಿದ. ಹೆದರಬೇಡಿ, ನಿಮ್ಮ ಹೆಸರು ಆಚೆ ಹೋಗುವುದಿಲ್ಲ, ನಾಳೆಯೇ ನಮ್ಮವರು ಬರುತ್ತಾರೆ ಎಂದಳು ಹುಡುಗಿ. ಹೆಸರು ಆಚೆ ಹೋಗಬೇಕಾದ ಅಗತ್ಯವೇ ಇಲ್ಲ. ಅವಳೆದುರೇ ಸುಳ್ಳು ಹೇಳಿ ಬಂದ ತನ್ನ ಮೇಲೆ ವನಜಾಳಿಗೆ ಅನುಮಾನ ಬಾರದು. ಇನ್ನು ಇರುವವರು ಮೂವರು ಆಯಾಗಳು, ಸ್ಟೋರಿನ ಬಗ್ಗೆ ಬಾಯಿ ಬಿಡುವಷ್ಟು ವಯಸ್ಸಾದವಳು ಒಬ್ಬಳು. ನಾಳೆ ಸಂಜೆಯೊಳಗೆ ವನಜಾ ಆ ಒಬ್ಬಳನ್ನು ಜಾಮೂನಿನ ದನಿಯಲ್ಲೇ ಮನೆಗೆ ಕಳಿಸುತ್ತಾಳೆ; ಗಂಗಮ್ಮ ತಾನು ಮಾಡದ ಒಂದೇ ಒಂದು ಒಳ್ಳೆಯ ಕೆಲಸಕ್ಕಾಗಿ ಬೀದಿಗೆ ಬೀಳುತ್ತಾಳೆ. ಇದು ಈರೇಶನಿಗೆ ಬಿಸಿಲಿನಷ್ಟು ಸ್ಪಷ್ಟವಾಗಿತ್ತು. ಅಲ್ಲ, ನಾನು ಅವಳಲ್ಲ ಎಂದು ಹೇಳಲು ಈಗಲೂ ಹೊತ್ತಿತ್ತು. "ನೀವು ತುಂಬಾ ಧೈರ್ಯ ಮಾಡಿದ್ರಿ ಗಂಗಮ್ಮ," ಎಂದಳು ಹುಡುಗಿ, ನಿಜವಾಗಿಯೂ ಕರಗಿ, ಮತ್ತು ಈರೇಶನ ಕಣ್ಣು ತುಂಬಿ ಬಂತು. ಇಂಥ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದೇ ಪ್ರಶ್ನೆ ಎಂದಳು ಅವಳು. ಇದನ್ನು ನಿಮ್ಮ ಜೊತೆ ಬೇರೆ ಯಾರಾದರೂ ಕಣ್ಣಾರೆ ನೋಡಿದ್ದಾರೆಯೇ, ಸಾಕ್ಷಿ ಹೇಳುವಂಥವರು?

ಒಂದು ಬಸ್ಸು ಬಂದು ನಿಂತು, ಜನರನ್ನು ತುಂಬಿಕೊಂಡು ಹೋಯಿತು.

"ಟ್ರೇನಿಂಗ್ ಕೊಡಾಕೆ ಅಂತ ಒಬ್ರು ಸಾರ್ ಬಂದಿದ್ರು. ಓದ್ದೋರು. ಅವ್ರು ಪೂರ್ತಿ ನೋಡಿದ್ರು."

"ಹೌದಾ? ಅವರೇನು ಮಾಡಿದ್ರು ಅಮ್ಮಾ?"

"ನಮ್ಮುನ್ನ ನಗಿಸಿದ್ರು ಕಣವ್ವ," ಎಂದಳು ಗಂಗಮ್ಮ. "ನಗ್ಸಿ ಒಂಟೋದ್ರು."